ಕ್ಯಾಲೆಂಡರಿನ ದಂಡೆ ಮತ್ತು ನಮ್ಮ ಗೋಡೆ

1

ನಮ್ಮ ಇಂಡಿ ಸೀಮೆಯ ಓಣಿಗಳಲ್ಲಿ ಕ್ಯಾಲೆಂಡರ್ ಅನ್ನೋದು ದುಡ್ಡು ಕೊಟ್ಟು ತರುವ ವಸ್ತುವಲ್ಲ. ಹೊಸ ವರ್ಷ ಬಂತೆಂದರೆ ಅಡತಿ ಅಂಗಡಿಯವರು, ಗೊಬ್ಬರದ ಅಂಗಡಿಯವರು, ಬಂಗಾರದ ಅಂಗಡಿಯವರು ಕೊಡುತ್ತಾರೆ. ಯಾರಿಗೆ ಕೊಡುತ್ತಾರೆ ಎಂಬುದರಲ್ಲಿ ಒಂದು ಲೆಕ್ಕವಿರುತ್ತದೆ. ಮಾಲು ತರುವ ರೈತನಿಗೆ ಮೊದಲು, ಅವನ ಹೊಲದಲ್ಲಿ ಕೂಲಿ ಮಾಡುವವರಿಗೆ ಉಳಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಹಾಗಾಗಿ ಮಾದರ ಓಣಿಯ, ಹೊಲೇರ ಓಣಿಯ ಗೋಡೆಗಳ ಮೇಲೆ ಬಹಳ ಸಲ ಹೋದ ವರ್ಷದ ಕ್ಯಾಲೆಂಡರೇ ತೂಗುತ್ತಿತ್ತು. ತಾರೀಖು ನೋಡಲಿಕ್ಕಲ್ಲ, ಚಿತ್ರ ನೋಡಲಿಕ್ಕೆ, ಗೋಡೆಯ ಬಿರುಕು ಮುಚ್ಚಲಿಕ್ಕೆ.

ದಲಿತ ವಿಮರ್ಶೆ ಇಷ್ಟು ವರ್ಷ ಕಾವ್ಯವನ್ನು ಓದಿದೆ, ಕಾದಂಬರಿಯನ್ನು ಓದಿದೆ, ವಚನವನ್ನು ಮತ್ತೆ ಮತ್ತೆ ಓದಿದೆ. ಈ ಗೋಡೆಯನ್ನು ಓದಿದ್ದು ಕಡಿಮೆ. ಅಕ್ಷರ ಬರದ ನಮ್ಮ ಹಿರಿಯರು ಜೀವಮಾನವಿಡೀ ಓದಿದ ಏಕೈಕ ಮುದ್ರಿತ ಪಠ್ಯ ಇದೇ ಆಗಿತ್ತು ಎಂಬುದನ್ನು ನಾವು ಮರೆಯಬಾರದು. ರಾಜಾ ರವಿವರ್ಮ 1894ರಲ್ಲಿ ಮುಂಬೈಯ ಘಾಟ್‌ಕೋಪರದಲ್ಲಿ ಅಚ್ಚುಕೂಟ ಹಾಕಿದ ಮೇಲೆ ಲಕ್ಷ್ಮಿ, ಸರಸ್ವತಿಯರು ಕಾಗದದ ಮೇಲೆ ಊರೂರಿಗೆ ಹೊರಟರು. ಆಮೇಲೆ ನಮ್ಮ ಕಲಬುರ್ಗಿಯವರೇ ಆದ ಎಸ್. ಎಂ. ಪಂಡಿತರ ಕುಂಚದಿಂದ ಬಂದ ಪುರಾಣದ ಗಂಡು ಹೆಣ್ಣುಗಳು ಕ್ಯಾಲೆಂಡರುಗಳಲ್ಲಿ ಮೈದುಂಬಿ ನಿಂತರು. ಗುಡಿಯೊಳಗೆ ನಮ್ಮನ್ನು ಬಿಡದ ದೇವರು ಕಾಗದವಾಗಿ ನಮ್ಮ ಗುಡಿಸಲೊಳಗೆ ತಾನೇ ಬಂದ. ಆದರೆ ಕಾಗದದ ದೇವರು ಒಳಗೆ ಬಂದು 36 ವರ್ಷ ಕಳೆದರೂ ಕಲ್ಲಿನ ದೇವರ ಬಾಗಿಲು ತೆರೆಯಲಿಲ್ಲ. ಅದಕ್ಕಾಗಿ 1930ರಲ್ಲಿ ಬಾಬಾಸಾಹೇಬರು ನಾಶಿಕದ ಕಾಳಾರಾಮ ಗುಡಿಯ ಮುಂದೆ ಸತ್ಯಾಗ್ರಹ ಹೂಡಬೇಕಾಯಿತು. ಚಿತ್ರ ಮನೆಗೆ ಬಂದ ಮಾತ್ರಕ್ಕೆ ಹಕ್ಕು ಬರುವುದಿಲ್ಲ ಎಂಬ ಮೊದಲ ಪಾಠ ಇಲ್ಲೇ ಇದೆ.

ಈ ಲೇಖನ ಬರೆಯಲು ಕಾರಣವಾದದ್ದು ಮಾತ್ರ ದೇವರ ಕ್ಯಾಲೆಂಡರ್ ಅಲ್ಲ. ಕೆಲವು ವರ್ಷಗಳ ಹಿಂದೆ ಭೀಮಾ ದಂಡೆಗೆ ಯಾರೋ ಫೋಟೋ ತೆಗೆಯುವವರು ಬಂದಿದ್ದರು. ಏಳೆಂಟು ಜನ ಹುಡುಗಿಯರು, ಅವರಿಗೆ ಕೊಡೆ ಹಿಡಿಯುವವರು, ಬೆಳ್ಳಿಯಂತೆ ಹೊಳೆಯುವ ಹಲಗೆ ಹಿಡಿಯುವವರು. ಯಾವುದೋ ಜಾಹೀರಾತಿನ ಕ್ಯಾಲೆಂಡರಿಗಂತೆ. ಅವ್ವ ಮತ್ತು ಅವಳ ಜೊತೆಗಾತಿಯರು ನಿಂಬೆತೋಟದ ಕೂಲಿ ಮುಗಿಸಿ ಅದೇ ದಾರಿಯಲ್ಲಿ ಬರುತ್ತಿದ್ದರು. ಒಬ್ಬ ಹುಡುಗ ಓಡಿಬಂದು, "ಏ ಬಾಯಾರ, ಕಡೀಗ ಸರೀರಿ, ಫೋಟೋದಾಗ ಬರ್ತೀರಿ" ಅಂದ. ಸರಿದರು. ಅರ್ಧ ತಾಸು ಜಾಲಿಕಂಟಿಯ ಮರೆಗೆ ನಿಂತರು. ಮನೆಗೆ ಬಂದ ಅವ್ವ ಸಿಟ್ಟು ಮಾಡಲಿಲ್ಲ. "ನಾವು ದಿನಾ ಓಡಾಡೂ ದಾರಿ ಅದ. ಅವರ ಫೋಟೋದಾಗ ನಾವು ಬರ್ತೀವೋ, ನಮ್ಮ ದಾರ್ಯಾಗ ಅವರು ಬಂದಾರೋ?" ಎಂದಷ್ಟೇ ಕೇಳಿದಳು. ಎಂ.ಎ. ಓದಿದ ನನಗೆ ಆ ದಿನ ಉತ್ತರ ಹೊಳೆಯಲಿಲ್ಲ. ಆ ಪ್ರಶ್ನೆಯ ಹಿಂದೆ ನೂರೈವತ್ತು ವರ್ಷಗಳ ಚರಿತ್ರೆ ಇದೆ ಎಂದು ಆಮೇಲೆ ತಿಳಿಯಿತು.

2

ಕ್ಯಾಮರಾ ನಮ್ಮ ನಾಡಿಗೆ ಬಂದದ್ದು ಕಂಪನಿ ಸರಕಾರದ ಪಡೆಯ ಹಿಂದೆ. ವಿಜಾಪುರದ ಗುಮ್ಮಟಗಳ ಫೋಟೋಗಳ ದೊಡ್ಡ ಪುಸ್ತಕ ಲಂಡನ್ನಿನಲ್ಲಿ 1866ರಲ್ಲೇ ಅಚ್ಚಾಯಿತು. ಅದಕ್ಕೆ ಇತಿಹಾಸದ ಭಾಗ ಬರೆದವನು ಸುರಪುರದ ಮೆಡೋಸ್ ಟೇಲರ್, ಫೋಟೋ ತೆಗೆದವರು ಸೇನೆಯ ಅಧಿಕಾರಿಗಳು. ಆ ಕಾಲದ ಸ್ಮಾರಕ ಚಿತ್ರಗಳಲ್ಲಿ ಕಮಾನಿನ ಬುಡಕ್ಕೆ ಒಬ್ಬನನ್ನು ನಿಲ್ಲಿಸುವ ವಾಡಿಕೆಯಿತ್ತು. ಅವನ ಹೆಸರು ಬೇಕಾಗಿರಲಿಲ್ಲ. ಕಮಾನು ಎಷ್ಟು ಎತ್ತರ ಎಂದು ತಿಳಿಯಲು ಅವನು ಬೇಕು. ಅಂದರೆ ಅವನೊಂದು ಅಳತೆಗೋಲು.

ಆಗಿನ ತಂತ್ರವನ್ನೂ ನೋಡಬೇಕು. ಗಾಜಿನ ಫಲಕಕ್ಕೆ ರಾಸಾಯನಿಕ ಬಳಿದು, ಅದು ಹಸಿ ಇರುವಾಗಲೇ ಚಿತ್ರ ತೆಗೆದು, ಅಲ್ಲೇ ತೊಳೆಯಬೇಕಿತ್ತು. ಕೆಲವೇ ನಿಮಿಷ ತಡವಾದರೆ ಫಲಕ ಹಾಳು. ಆದ್ದರಿಂದ ಫೋಟೋಗ್ರಾಫರ್ ಹೋದಲ್ಲೆಲ್ಲ ಕತ್ತಲೆಯ ಡೇರೆ, ಗಾಜಿನ ಪೆಟ್ಟಿಗೆ, ಔಷಧದ ಬಾಟಲಿ, ನೀರು ಎಲ್ಲ ಹೋಗಬೇಕಿತ್ತು. ತಾವಾಗಿ ಅವು ಹೋಗುವುದಿಲ್ಲವಲ್ಲ. 1860ರ ದಶಕದಲ್ಲಿ ಹಿಮಾಲಯದ ಚಿತ್ರಗಳಿಂದ ಹೆಸರಾದ ಸ್ಯಾಮ್ಯುಯೆಲ್ ಬೋರ್ನ್‌ನ ಹಿಂದೆ ಹತ್ತಾರು ಕೂಲಿಗಳು ಪೆಟ್ಟಿಗೆ ಹೊತ್ತು ನಡೆದರು. ಆ ಹಿಮಗಿರಿಯ ಚಿತ್ರಗಳನ್ನು ನೋಡಿದವರಿಗೆ ಕಾಣುವುದು ನಿರ್ಜನ ಗಾಂಭೀರ್ಯ. ಅದನ್ನು ಅಲ್ಲಿಗೆ ಹೊತ್ತು ತಂದ ಹೆಗಲು ಕಾಣುವುದಿಲ್ಲ. ನಿರ್ಜನತೆ ಎಂಬುದು ಪ್ರಕೃತಿಯಲ್ಲಿ ಇರುವಂಥದ್ದಲ್ಲ, ಚೌಕಟ್ಟಿನ ಆಚೆಗೆ ಜನರನ್ನು ಸರಿಸಿ ಮಾಡಿಕೊಳ್ಳುವಂಥದ್ದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಜನರನ್ನು ಚೌಕಟ್ಟಿನ ಒಳಗೆ ತಂದದ್ದೂ ಉಂಟು. ಅದು ಎಣಿಸಲಿಕ್ಕೆ. 1868ರಿಂದ 1875ರವರೆಗೆ ವಸಾಹತು ಸರಕಾರ ಭಾರತದ ಜನರನ್ನು ಜಾತಿ, ಬುಡಕಟ್ಟುಗಳ ಪ್ರಕಾರ ವಿಂಗಡಿಸಿ ಎಂಟು ಸಂಪುಟಗಳ ಫೋಟೋ ಪುಸ್ತಕ ಹೊರತಂದಿತು. ಜಾನ್ ಲ್ಯಾಂಪ್ರಿ ಎಂಬಾತ 1869ರಲ್ಲಿ ಎರಡೆರಡು ಇಂಚಿನ ದಾರದ ಚೌಕಳಿಯ ಮುಂದೆ ಬೆತ್ತಲೆ ಮನುಷ್ಯನನ್ನು ನಿಲ್ಲಿಸಿ ಮೈ ಅಳೆಯುವ ವಿಧಾನ ಸೂಚಿಸಿದ. 1890ರ ದಶಕದಲ್ಲಿ ಅಂಡಮಾನಿನಲ್ಲಿ ಅಧಿಕಾರಿಯಾಗಿದ್ದ ಪೋರ್ಟ್‌ಮನ್ ಅಲ್ಲಿನ ಮೂಲನಿವಾಸಿಗಳನ್ನು ಹೀಗೆಯೇ ಚೌಕಳಿ ಹಿನ್ನೆಲೆಗೆ ನಿಲ್ಲಿಸಿ ಚಿತ್ರ ತೆಗೆದ. ಕಡಲು, ತೆಂಗು, ಬರಿಮೈ ಇಲ್ಲೂ ಇವೆ. ಇಂದಿನ ಕ್ಯಾಲೆಂಡರಿಗೆ ಬೇಕಾದ ಸಾಮಗ್ರಿಯೆಲ್ಲ ಇದ್ದೂ ಅದು ಸೌಂದರ್ಯವಾಗಲಿಲ್ಲ, ಶಾಸ್ತ್ರವಾಯಿತು. ಮೈ ಯಾರದು ಎಂಬುದರ ಮೇಲೆ ಅದು ಸೌಂದರ್ಯವೋ ಮಾದರಿಯ ನಮೂನೆಯೋ ಎಂದು ತೀರ್ಮಾನವಾಗುತ್ತದೆ.

ಇನ್ನೊಂದು ಗುಂಪು ಚಿತ್ರ ನಮಗೆ ಹತ್ತಿರದ್ದು. 1876–78ರ ಬರದಲ್ಲಿ ಮುಂಬೈ ಪ್ರಾಂತದೊಳಗೆ ಅತಿ ಹೆಚ್ಚು ನರಳಿದ ಸೀಮೆಗಳಲ್ಲಿ ನಮ್ಮದೂ ಒಂದು. ಆಗ ಇದರ ಹೆಸರು ಕಲಾದಗಿ ಜಿಲ್ಲೆ. ಅದೇ ಬರದಲ್ಲಿ ಮದರಾಸು ಪ್ರಾಂತದಲ್ಲಿ ಹೂಪರ್ ಎಂಬ ಸೇನಾಧಿಕಾರಿ ಮೂಳೆ ಚಕ್ಕಳವಾದವರನ್ನು ಗುಂಪುಗುಂಪಾಗಿ ಕೂರಿಸಿ ಫೋಟೋ ತೆಗೆದ. ಎತ್ತರದವರು ಹಿಂದೆ, ಮಕ್ಕಳು ಮುಂದೆ, ಎಲ್ಲರ ಕಣ್ಣು ಕ್ಯಾಮರಾದತ್ತ. ಕ್ಯಾಲೆಂಡರಿಗೆ ಹುಡುಗಿಯರನ್ನು ಸಾಲಾಗಿ ಹೊಂದಿಸುವ ಕಲೆ ಮತ್ತು ಹಸಿದವರನ್ನು ಹೀಗೆ ಹೊಂದಿಸುವ ಕಲೆ ಒಂದೇ ಪೆಟ್ಟಿಗೆಯಿಂದ ಬಂದವು. ಹಾಗೆ ಹೊಂದಿಸಲು ಎಷ್ಟು ಹೊತ್ತು ಹಿಡಿಯಿತೋ ಅಷ್ಟು ಹೊತ್ತು ಅವರು ಗಂಜಿಯಿಲ್ಲದೆ ಕಾದಿದ್ದರು.

3

ಈಗ ಉದ್ದಿಮೆಯ ಕ್ಯಾಲೆಂಡರಿಗೆ ಬರೋಣ. ಉಷ್ಣವಲಯದ ದಂಡೆಯಲ್ಲಿ ಹುಡುಗಿಯರನ್ನು ನಿಲ್ಲಿಸಿ ವರ್ಷಕ್ಕೊಂದು ಕ್ಯಾಲೆಂಡರ್ ಮಾಡುವ ಪದ್ಧತಿಯನ್ನು ಜಗತ್ತಿಗೆ ಪರಿಚಯಿಸಿದ್ದು ಪಿರೆಲ್ಲಿ ಎಂಬ ಇಟಲಿಯ ಟೈರು ಕಂಪನಿಯ ಇಂಗ್ಲೆಂಡ್ ಶಾಖೆ. ಅದರ ಮೊದಲ ಕ್ಯಾಲೆಂಡರ್ 1964ರದು, ಚಿತ್ರ ತೆಗೆದದ್ದು ಮಯೋರ್ಕಾ ದ್ವೀಪದಲ್ಲಿ. ಆಮೇಲೆ ಬಹಾಮಾಸ್, ಜಮೈಕಾ, 1974ರಲ್ಲಿ ಸೀಶೆಲ್ಸ್. ಎಣ್ಣೆ ಬಿಕ್ಕಟ್ಟಿನ ನಂತರ ನಿಂತು, 1984ರಲ್ಲಿ ಮತ್ತೆ ಶುರುವಾಯಿತು. ಇದು ಮಾರಾಟದ ವಸ್ತುವಲ್ಲ, ಆಯ್ದ ಗಿರಾಕಿಗಳಿಗೆ ಕೊಡುವ ಉಡುಗೊರೆ. ನಮ್ಮ ಅಡತಿ ಅಂಗಡಿಯ ಲೆಕ್ಕವೇ ಇಲ್ಲೂ ಇದೆ, ಮೊತ್ತ ಮಾತ್ರ ದೊಡ್ಡದು.

ಟೈರಿಗೂ ತೆಂಗಿನ ದಂಡೆಗೂ ಏನು ಸಂಬಂಧ? ಸಂಬಂಧ ರಬ್ಬರಿನದು. ರಬ್ಬರು ಬೆಳೆಯುವುದು ಇದೇ ಉಷ್ಣವಲಯದಲ್ಲಿ. ಬೆಲ್ಜಿಯಂ ದೊರೆ ಲಿಯೊಪೋಲ್ಡ್ 1885ರಿಂದ 1908ರವರೆಗೆ ಕಾಂಗೋ ದೇಶವನ್ನು ಸ್ವಂತ ಆಸ್ತಿಯಂತೆ ಆಳಿದಾಗ, ಕಾಡಿನ ರಬ್ಬರು ಸಾಕಷ್ಟು ತಾರದ ಊರುಗಳಲ್ಲಿ ಜನರ ಕೈ ಕತ್ತರಿಸಲಾಯಿತು. 1904ರಲ್ಲಿ ಆಲಿಸ್ ಸೀಲಿ ಹ್ಯಾರಿಸ್ ಎಂಬ ಮಿಶನರಿ ಹೆಣ್ಣುಮಗಳು ಅಲ್ಲಿ ಒಂದು ಫೋಟೋ ತೆಗೆದಳು. ನ್ಸಾಲಾ ಎಂಬ ತಂದೆ ಜಗಲಿಯ ಅಂಚಿಗೆ ಕುಳಿತಿದ್ದಾನೆ, ಅವನ ಮುಂದೆ ಅವನ ಮಗುವಿನ ಕತ್ತರಿಸಿದ ಕೈ ಮತ್ತು ಪಾದ. ಆ ಚಿತ್ರವನ್ನು ಊರೂರುಗಳಲ್ಲಿ ಪರದೆಯ ಮೇಲೆ ತೋರಿಸಿ ಅವಳೂ ಅವಳ ಗಂಡನೂ ಯುರೋಪಿನ ಕಣ್ಣು ತೆರೆಸಿದರು. ಕ್ಯಾಮರಾ ಯಜಮಾನನ ಕೈಯ ಸಾಧನ ಮಾತ್ರ ಎಂದು ಹೇಳಿ ಮುಗಿಸುವಂತಿಲ್ಲ ಎಂಬುದಕ್ಕೆ ಈ ಚಿತ್ರ ಸಾಕ್ಷಿ. ಯಾರು ಹಿಡಿದಿದ್ದಾರೆ, ಯಾರ ಪರವಾಗಿ ಹಿಡಿದಿದ್ದಾರೆ ಎಂಬುದು ಮುಖ್ಯ.

ರಬ್ಬರಿನ ಕಥೆ ನಮ್ಮವರನ್ನೂ ಮುಟ್ಟುತ್ತದೆ. 1876ರಲ್ಲಿ ಬ್ರೆಜಿಲಿನಿಂದ ಲಂಡನ್ನಿಗೆ ಸಾಗಿಸಿದ ಬೀಜಗಳಿಂದ ಸಿಲೋನ್, ಮಲಯಾಗಳ ರಬ್ಬರ್ ತೋಟಗಳು ಎದ್ದವು. ಅಲ್ಲಿ ಬೆಳಗಿನ ಜಾವ ಎದ್ದು ಮರ ಗೀರಿ ಹಾಲು ಇಳಿಸಿದವರು ತಮಿಳುನಾಡಿನಿಂದ ಹೋದ ಕೂಲಿಗಳು. ಅವರಲ್ಲಿ ದಲಿತರು ದೊಡ್ಡ ಸಂಖ್ಯೆಯಲ್ಲಿದ್ದರು. ಟೈರಿನ ಕ್ಯಾಲೆಂಡರಿನಲ್ಲಿ ಉಷ್ಣವಲಯ ಎಂದರೆ ವಿಹಾರ. ಟೈರಿನ ಚರಿತ್ರೆಯಲ್ಲಿ ಉಷ್ಣವಲಯ ಎಂದರೆ ಗೇಯ್ಮೆ. ಮೊದಲನೆಯದು ಎರಡನೆಯದನ್ನು ಮರೆಸುತ್ತದೆ.

ಇಂಥ ಕ್ಯಾಲೆಂಡರುಗಳಲ್ಲಿ ಬಿಸಿಲ ನಾಡಿಗೆ ಕರೆದೊಯ್ದದ್ದು ಬಹುಪಾಲು ಬಿಳಿಯ ಹುಡುಗಿಯರನ್ನು. 1987ರಲ್ಲಿ ಪಿರೆಲ್ಲಿ ಮಾದರಿಗಳೆಲ್ಲರೂ ಕಪ್ಪು ಹೆಣ್ಣುಮಕ್ಕಳು. ಅವರಲ್ಲಿ ನವೋಮಿ ಕ್ಯಾಂಬೆಲ್‌ಗೆ ಆಗ 16 ವರ್ಷ. ಚಿತ್ರ ತೆಗೆದದ್ದು ಇಂಗ್ಲೆಂಡಿನ ಬಾತ್ ಊರಿನಲ್ಲಿ. ಬಿಳಿಯ ಮೈ ಕರಿಯರ ದ್ವೀಪಕ್ಕೆ ಹೋಗುತ್ತದೆ, ಕರಿಯ ಮೈ ಬಿಳಿಯರ ಊರಿಗೆ ಬರುತ್ತದೆ! ಎರಡೂ ಸಲ ಮೈ ತನ್ನ ನೆಲದ ಮೇಲೆ ಇರುವುದಿಲ್ಲ.

ಇಲ್ಲಿ ಫಿಲ್ಮಿನ ಮಾತನ್ನೂ ಹೇಳಬೇಕು. ಬಣ್ಣದ ಫಿಲ್ಮು ತೊಳೆಯುವ ಅಂಗಡಿಗಳಿಗೆ ಕೊಡಾಕ್ ಕಂಪನಿ ಒಂದು ಮಾದರಿ ಕಾರ್ಡು ಕಳಿಸುತ್ತಿತ್ತು. ಅದರ ಮೇಲೆ ಬಿಳಿಯ ಹೆಂಗಸಿನ ಚಿತ್ರ, ಶರ್ಲಿ ಕಾರ್ಡ್ ಎಂದು ಹೆಸರು. ಅವಳ ಚರ್ಮ ಸರಿ ಬಂದರೆ ಬಣ್ಣ ಸರಿ. ಕರಿಯ ಮಕ್ಕಳೂ ಬಿಳಿಯ ಮಕ್ಕಳೂ ಒಂದೇ ಶಾಲೆಯ ಗುಂಪು ಫೋಟೋದಲ್ಲಿ ಕುಳಿತರೆ ಕರಿಯ ಮಕ್ಕಳ ಮುಖ ಮಸಿಯಾಗಿ, ಕಣ್ಣು ಹಲ್ಲು ಮಾತ್ರ ಕಾಣುತ್ತಿದ್ದವು. ಕಂಪನಿ ಫಿಲ್ಮನ್ನು ಸುಧಾರಿಸಿದ್ದು ಆ ತಾಯಂದಿರ ದೂರಿಗಲ್ಲ. ಚಾಕಲೇಟು, ಮರದ ಪೀಠೋಪಕರಣ ಮಾರುವವರು ತಮ್ಮ ಮಾಲಿನ ಕಂದು ಬಣ್ಣ ಸರಿ ಬರುತ್ತಿಲ್ಲ ಎಂದು ಗದ್ದಲ ಮಾಡಿದ ಮೇಲೆ. 1970ರ ದಶಕದ ಕೊನೆಗೆ ಮೊಜಾಂಬಿಕ್‌ಗೆ ಹೋದ ಸಿನಿಮಾ ನಿರ್ದೇಶಕ ಗೊದಾರ್ ಈ ಫಿಲ್ಮೇ ವರ್ಣದ್ವೇಷಿ ಎಂದು ಅದನ್ನು ಬಳಸಲು ಒಪ್ಪಲಿಲ್ಲ. ನಮ್ಮ ತಾಲೂಕಿನ ಸ್ಟುಡಿಯೋಗಳಲ್ಲಿ ಕನ್ಯಾ ತೋರಿಸುವ ಫೋಟೋಕ್ಕೆ "ಸ್ವಲ್ಪ ಬೆಳ್ಳಗ ಮಾಡ್ರಿ" ಎಂದು ಕೇಳುವ ತಂದೆಯ ದನಿ ಈ ಕಾರ್ಡಿಗೂ ಮನುಸ್ಮೃತಿಗೂ ನಡುವೆ ಎಲ್ಲೋ ಸಿಕ್ಕಿಕೊಂಡಿದೆ.

4

ನಮ್ಮ ರಾಜ್ಯದ ಕ್ಯಾಲೆಂಡರ್ ಬೆಂಗಳೂರಿನ ಮದ್ಯದ ಉದ್ದಿಮೆಯದು. ಯುನೈಟೆಡ್ ಬ್ರೂವರೀಸ್ ಬಳಗ, ವಿಜಯ ಮಲ್ಯರ ಯಜಮಾನಿಕೆಯಲ್ಲಿ, 2003ರಲ್ಲಿ ಕಿಂಗ್‌ಫಿಶರ್ ಕ್ಯಾಲೆಂಡರ್ ಶುರು ಮಾಡಿತು. ಫೋಟೋಗ್ರಾಫರ್ ಅತುಲ್ ಕಸ್ಬೇಕರ್. ಮೊದಲ ವರ್ಷ ಕತ್ರೀನಾ ಕೈಫ್, 2006ರಲ್ಲಿ ಬೆಂಗಳೂರಿನಲ್ಲಿ ಬೆಳೆದ ದೀಪಿಕಾ ಪಡುಕೋಣೆ ಇದ್ದರು. ಮುಂದೆ ಹುಡುಗಿಯರನ್ನು ಆರಿಸುವುದೇ ಟೀವಿಯ ಸ್ಪರ್ಧೆಯಾಯಿತು. ಇದೂ ಆಯ್ದವರಿಗೆ ಸಲ್ಲುವ ಉಡುಗೊರೆ. ನಮಗೆ ಅದರ ಪುಟಗಳು ಪತ್ರಿಕೆಯಲ್ಲಿ, ಆಮೇಲೆ ಫೋನಿನಲ್ಲಿ ಬಂದವು. ಸೇಂದಿ, ಸಾರಾಯಿ, ಬಿಯರು ಕುಡಿದು ಬೊಕ್ಕಸ ತುಂಬಿದವರ ಗೋಡೆಗೆ ಅದು ಬರಲೇ ಇಲ್ಲ.

ಅದರ ಕೆಲಸದ ಕ್ರಮ ಹೀಗಿರುತ್ತದೆ. ಉಷ್ಣವಲಯದ ಮಧ್ಯಾಹ್ನದ ಬಿಸಿಲು ನೆತ್ತಿಯ ಮೇಲಿನಿಂದ ಬೀಳುವುದರಿಂದ ಕಣ್ಣ ಕೆಳಗೆ, ಮೂಗಿನ ಕೆಳಗೆ ಕಪ್ಪು ನೆರಳು ಕಟ್ಟುತ್ತದೆ. ಅದಕ್ಕೇ ಹೊತ್ತು ಮೂಡುವಾಗ ಒಂದೆರಡು ತಾಸು, ಮುಳುಗುವಾಗ ಒಂದೆರಡು ತಾಸು ಕೆಲಸ. ಸೂರ್ಯ ಓರೆಯಾದಾಗ ಚರ್ಮಕ್ಕೆ ಬಂಗಾರದ ಕಳೆ ಬರುತ್ತದೆ. ನೆರಳು ಬಿದ್ದ ಕಡೆಗೆ ಬಿಳಿ ಇಲ್ಲವೆ ಬೆಳ್ಳಿ ಹಲಗೆ ಹಿಡಿದು ಬೆಳಕು ತಿರುಗಿಸುತ್ತಾರೆ. ಗಾಳಿಗೆ ಹಲಗೆ ಅಲುಗದಂತೆ ಒಬ್ಬ ಗಟ್ಟಿಯಾಗಿ ಹಿಡಿದಿರಬೇಕು. ನಡು ಹಗಲು ಎಲ್ಲರೂ ನೆರಳಿಗೆ.

ಇಂಡಿಯೂ ಉಷ್ಣವಲಯದಲ್ಲೇ ಇದೆ, 17 ಡಿಗ್ರಿ ಉತ್ತರ ಅಕ್ಷಾಂಶದ ಸನಿಹ. ಮೇ ಎರಡನೇ ವಾರ ಮತ್ತು ಆಗಸ್ಟ್ ಮೊದಲ ವಾರದ ಆಸುಪಾಸು ನಡು ಹಗಲಿಗೆ ನಮ್ಮ ನೆರಳು ನಮ್ಮ ಪಾದದಡಿಗೇ ಬಂದು ಸೇರುತ್ತದೆ. ಫೋಟೋಗ್ರಾಫರ್ ಕೆಲಸ ನಿಲ್ಲಿಸುವ ಆ ಹೊತ್ತಿಗೆ ಕಲ್ಲಿನ ಖಣಿಯಲ್ಲಿ, ಕಬ್ಬಿನ ಗದ್ದೆಯಲ್ಲಿ, ನಿಂಬೆಯ ಮುಳ್ಳಿನ ನಡುವೆ ನಮ್ಮವರ ಕೆಲಸ ನಡೆದೇ ಇರುತ್ತದೆ. ಸುಂದರ ಚಿತ್ರದಲ್ಲಿ ನಾವು ಕಾಣದಿರುವುದಕ್ಕೆ ದ್ವೇಷವೊಂದೇ ಕಾರಣವಲ್ಲ. ನಾವು ದುಡಿಯುವ ತಾಸು ಅವರ ಬೆಳಕಿನ ತಾಸಲ್ಲ.

2012ರ ಅಕ್ಟೋಬರಿನಲ್ಲಿ ಅದೇ ಬಳಗದ ವಿಮಾನ ಸಂಸ್ಥೆ ನೆಲಕ್ಕಿಳಿಯಿತು. ಸಾವಿರಾರು ನೌಕರರಿಗೆ ತಿಂಗಳುಗಟ್ಟಲೆ ಪಗಾರವಿರಲಿಲ್ಲ. 2013ರ ಕ್ಯಾಲೆಂಡರ್ ಮಾತ್ರ ಬಂತು. ಯಜಮಾನರು 2016ರ ಮಾರ್ಚಿನಲ್ಲಿ ದೇಶ ಬಿಟ್ಟರು. ದಿನ ಎಣಿಸಲಿಕ್ಕೆಂದೇ ಇರುವ ಕ್ಯಾಲೆಂಡರ್ ಪಗಾರವಿಲ್ಲದ ದಿನಗಳನ್ನು ಎಣಿಸುವುದಿಲ್ಲ.

5

ಇಷ್ಟು ಓದಿದ ಮೇಲೆ ಕೆಲವರು, ಹಾಗಾದರೆ ಇದು ಬೆತ್ತಲೆಯ ವಿರುದ್ಧದ ಲೇಖನ ಎನ್ನಬಹುದು. ಅಲ್ಲ. ಶೀಲದ ಹೆಸರಿನಲ್ಲಿ ಕ್ಯಾಲೆಂಡರ್ ಹರಿಯುವವರ ಜೊತೆ ನಮಗೆ ಕೆಲಸವಿಲ್ಲ. ತಿರುವಾಂಕೂರಿನಲ್ಲಿ ನಾಡಾರ್ ಹೆಣ್ಣುಮಕ್ಕಳು ಎದೆ ಮುಚ್ಚಿಕೊಳ್ಳುವ ಹಕ್ಕಿಗಾಗಿ ದಶಕಗಟ್ಟಲೆ ಹೊಡೆತ ತಿಂದು ಹೋರಾಡಿದರು. ದೊರೆಯ ಅಪ್ಪಣೆ ಹೊರಟದ್ದು 1859ರಲ್ಲಿ. ಮೇಲ್ಜಾತಿಯ ಶೀಲ ನಮ್ಮ ಹೆಣ್ಣುಮಕ್ಕಳನ್ನು ಬೆತ್ತಲಾಗಿಸಿಯೇ ತನ್ನನ್ನು ಕಾಯ್ದುಕೊಂಡಿತ್ತು.

ನಮ್ಮ ರಾಜ್ಯದ ಚಂದ್ರಗುತ್ತಿಯನ್ನು ನೆನೆಯಿರಿ. ಸೊರಬ ತಾಲೂಕಿನ ಆ ಗುಡ್ಡಕ್ಕೆ ವರದಾ ನದಿಯಲ್ಲಿ ಮಿಂದು ಬೆತ್ತಲೆಯಾಗಿ ಹತ್ತುತ್ತಿದ್ದವರಲ್ಲಿ ಬಹುಪಾಲು ಉತ್ತರ ಕರ್ನಾಟಕದ ದಲಿತ, ಹಿಂದುಳಿದ ಜಾತಿಗಳ ಹೆಣ್ಣುಮಕ್ಕಳು. ಹೊಳೆ, ಕಾಡು, ಗುಡ್ಡ, ಗುಂಪಾಗಿ ನಡೆವ ಹೆಣ್ಣುಗಳು. ಆ ದೃಶ್ಯದ ಫೋಟೋಗಳು ಪತ್ರಿಕೆಗಳಲ್ಲಿ ಅಚ್ಚಾದವು. 1986ರ ಮಾರ್ಚಿನಲ್ಲಿ ಇದನ್ನು ತಡೆಯಲು ಹೋದ ದಲಿತ ಸಂಘರ್ಷ ಸಮಿತಿಯ ಕಾರ್ಯಕರ್ತರ ಮೇಲೆ, ಪೊಲೀಸರ ಮೇಲೆ ಹಲ್ಲೆ ನಡೆಯಿತು, ಅವರ ಬಟ್ಟೆಯನ್ನೇ ಕಿತ್ತರು. ಆ ಮೇಲೆ ಸರಕಾರ ಬೆತ್ತಲೆ ಸೇವೆಯನ್ನು ನಿಷೇಧಿಸಿತು. ಕ್ಯಾಲೆಂಡರಿನ ಹುಡುಗಿಗೆ ಕರಾರುಪತ್ರವಿದೆ, ಸಂಭಾವನೆಯಿದೆ, ಹೆಸರಿದೆ. ಅವಳಿಗೂ ಉದ್ದಿಮೆಯ ಬಿಗಿತವಿದೆ, ಅದನ್ನು ಅಲ್ಲಗಳೆಯುತ್ತಿಲ್ಲ. ಆದರೆ ಚಂದ್ರಗುತ್ತಿಯ ಹೆಣ್ಣುಮಗಳಿಗೆ ಇವು ಒಂದೂ ಇರಲಿಲ್ಲ. ಅವಳ ಚಿತ್ರ ತೆಗೆದವನು ಅವಳನ್ನು ಕೇಳಲಿಲ್ಲ. ನಮ್ಮ ಪ್ರಶ್ನೆ ಬಟ್ಟೆಯದಲ್ಲ, ಒಪ್ಪಿಗೆಯದು. ಬೆಲೆ ಕಟ್ಟುವವರು ಯಾರು, ನೆಗೆಟಿವ್ ಯಾರ ಪೆಟ್ಟಿಗೆಯಲ್ಲಿದೆ ಎಂಬುದು.

ಇದಕ್ಕೆ ನಮ್ಮ ಜನ ಕೊಟ್ಟ ಉತ್ತರವೂ ಒಂದು ಕ್ಯಾಲೆಂಡರೇ. ಡಿಸೆಂಬರ್ 6ಕ್ಕೆ ಇಂಡಿ ರೋಡ್ ಸ್ಟೇಶನ್ನಿನಲ್ಲಿ ರೈಲು ಹತ್ತಿ ಸೊಲ್ಲಾಪುರದ ಮೇಲೆ ದಾದರಿನ ಚೈತ್ಯಭೂಮಿಗೆ ಹೋದವರು ತಿರುಗಿ ಬರುವಾಗ ಸುರುಳಿ ಸುತ್ತಿ ತಂದದ್ದು ನೀಲಿ ಕೋಟಿನ ಬಾಬಾಸಾಹೇಬರ ಕ್ಯಾಲೆಂಡರ್. ಇದು ಅಡತಿ ಅಂಗಡಿ ಕೊಟ್ಟದ್ದಲ್ಲ, ಕೂಲಿಯ ದುಡ್ಡು ಕೊಟ್ಟು ತಂದದ್ದು. ಅದರಲ್ಲಿ ಏಕಾದಶಿ, ಸಂಕಷ್ಟಿಗಳ ಜಾಗಕ್ಕೆ ಬೇರೆ ದಿನಗಳಿವೆ: ಜನವರಿ 1, ಕೋರೆಗಾಂವ್, ಮಾರ್ಚ್ 20, ಮಹಾಡದ ಕೆರೆಯ ನೀರು, ಡಿಸೆಂಬರ್ 25, ಮನುಸ್ಮೃತಿ ಸುಟ್ಟ ದಿನ, ಅಕ್ಟೋಬರ್ 14, ನಾಗಪುರದ ದೀಕ್ಷೆ. ಪಂಚಾಂಗ ಹೇಳುವವನ ಕೈಯಿಂದ ಕಾಲವನ್ನೇ ಕಸಿದುಕೊಂಡ ಕೆಲಸ ಇದು. ನಮ್ಮ ಚರಿತ್ರೆಕಾರರು ಇದನ್ನು ಇನ್ನೂ ಸಾಹಸವೆಂದು ಗುರುತಿಸಿಲ್ಲ.

ನಮ್ಮ ಗೋಡೆಯನ್ನೂ ನಾವು ಕಠಿಣವಾಗಿ ಓದಬೇಕು. ಈ ಕ್ಯಾಲೆಂಡರಿಗೆ ಸಾವಿತ್ರಿಬಾಯಿ, ರಮಾಬಾಯಿಯವರು ತಡವಾಗಿ ಬಂದರು. ಮಹಾಡಕ್ಕೆ ನಡೆದುಹೋದ ಸಾಮಾನ್ಯ ಹೆಣ್ಣುಮಕ್ಕಳು ಇನ್ನೂ ಬಂದಿಲ್ಲ. ಈಚೆಗೆ ಪುಢಾರಿಗಳು ಅಚ್ಚು ಹಾಕಿಸುವ ಜಯಂತಿಯ ಕ್ಯಾಲೆಂಡರುಗಳಲ್ಲಿ ಬಾಬಾಸಾಹೇಬರು ಮೂಲೆಗೆ ಸರಿದು ಪುಢಾರಿಯ ಮುಖ ನಡುವಿಗೆ ಬಂದಿದೆ. "ಕಡೀಗ ಸರೀರಿ" ಎನ್ನುವ ಮಾತು ನಮ್ಮೊಳಗೂ ನಡೆಯುತ್ತಿದೆ.

ಮುಂಬೈಯ ಸಫಾಯಿ ಕಾಮಗಾರರ ನಡುವೆ ವರ್ಷಗಟ್ಟಲೆ ಇದ್ದು ಚಿತ್ರ ತೆಗೆದ ಸುಧಾರಕ ಓಲ್ವೆಯಂಥವರು ಬೇರೆ ದಾರಿ ತೋರಿಸಿದ್ದಾರೆ. ಅವರು ಯಾರನ್ನೂ ಸರಿಸಲಿಲ್ಲ, ಗಟಾರದ ಅಂಚಿಗೆ ತಾವೇ ಹೋಗಿ ನಿಂತರು. ಕ್ಯಾಮರಾ ಈಗ ನಮ್ಮ ವಿದ್ಯಾರ್ಥಿಗಳ ಕಿಸೆಯಲ್ಲಿದೆ. ಅದರಿಂದ ಅವರು ಏನು ತೆಗೆಯುತ್ತಾರೆ ಎಂಬುದು ದಲಿತ ವಿಮರ್ಶೆಯ ಹೊರಗಿನ ವಿಷಯವಲ್ಲ.

ಹೋದ ಬೇಸಿಗೆಯಲ್ಲಿ ನಿಂಬೆ ಆರಿಸುವ ಹೊತ್ತಿಗೆ ಹೋಗಿ ಅವ್ವ ಮತ್ತು ಅವಳ ಜೊತೆಯವರದೊಂದು ಗುಂಪು ಫೋಟೋ ತೆಗೆದೆ. ನಡು ಹಗಲು, ನೆತ್ತಿಯ ಬಿಸಿಲು. ಕಣ್ಣ ಕೆಳಗೆ ಕಪ್ಪು ನೆರಳು ಬಿದ್ದು ಮುಖ ಸರಿಯಾಗಿ ಬರಲಿಲ್ಲ. ಸಂಜೀಕ ಮತ್ತೊಮ್ಮೆ ತೆಗೆಯಲೇನು ಎಂದು ಕೇಳಿದೆ. "ಸಂಜೀಕ ನಾವು ಇಲ್ಲಿ ಇರಂಗಿಲ್ಲ ತಮ್ಮಾ, ಮನ್ಯಾಗ ರೊಟ್ಟಿ ಬಡೀತಿರ್ತೀವಿ. ಬಿಸಲಾಗ ಹ್ಯಾಂಗ ಅದೀವೋ ಹಂಗ ಇರ್ಲಿ. ಕೆಳಗ ಎಲ್ಲಾರ ಹೆಸರ ಬರಿ" ಅಂದಳು. ಹನ್ನೊಂದು ಹೆಸರು ಬರೆದು ಗೋಡೆಗೆ ಹಚ್ಚಿದ್ದೇನೆ.